ಚಳಿಗಾಲವಲ್ಲ, ಚಳಿಯ ಬೇಸಿಗೆಯನ್ನು ಗೆದ್ದ ಅಕ್ಕಿ: ಮಿಯಾಗಿಯ ಹಿತೊಮೆಬೊರೆ ವಿಮರ್ಶೆ

ಜಪಾನಿನ ಸೆಂಡೈ ನಗರದ ಯಾವ ದಿನಸಿ ಅಂಗಡಿಗೆ ಹೋದರೂ ಅಕ್ಕಿ ಚೀಲಗಳ ಸಾಲಿನಲ್ಲಿ ಹಿತೊಮೆಬೊರೆ ಎಂಬ ತಳಿಯ ಚೀಲ ಇದ್ದೇ ಇರುತ್ತದೆ. ಜಪಾನಿನ ಈಶಾನ್ಯ ಭಾಗವಾದ ತೊಹೊಕುವಿನ ಮಿಯಾಗಿ ಮತ್ತು ಇವಾತೆ ಪ್ರಾಂತ್ಯಗಳಲ್ಲಿ ಅತಿ ಹೆಚ್ಚು ಬೆಳೆಯುವ ಭತ್ತ ಇದು. ಇಡೀ ದೇಶದ ಲೆಕ್ಕ ಹಿಡಿದರೂ ಕೊಶಿಹಿಕಾರಿ ಎಂಬ ತಳಿಯ ನಂತರದ ಸ್ಥಾನವನ್ನು ಬಹುಕಾಲ ಉಳಿಸಿಕೊಂಡು ಬಂದಿದೆ. ಓದಿಗೆ, ಕೆಲಸಕ್ಕೆ ಎಂದು ಇಲ್ಲಿಗೆ ಬರುವ ಕನ್ನಡಿಗರು ನಮ್ಮ ಅಡುಗೆಗೆ ಈ ಊರಿನ ಯಾವ ಅಕ್ಕಿ ಒದಗುತ್ತದೆ ಎಂದು ಕೇಳುತ್ತಲೇ ಇರುತ್ತಾರೆ. ಅದಕ್ಕೆ ಉತ್ತರವನ್ನು ಮುಂದೆ ಕೊಟ್ಟಿದ್ದೇನೆ. ಆದರೆ ಈ ಅಕ್ಕಿಯ ಮುಖ್ಯ ಗುಣ ತಟ್ಟೆಯಲ್ಲಿ ಕಾಣುವಂಥದ್ದಲ್ಲ. ಬೆಳೆಯುವ ಕಾಲದಲ್ಲಿ ಚಳಿ ಬಿದ್ದರೂ ತೆನೆ ಜೊಳ್ಳಾಗದಂತೆ ಕಾಳು ಕಟ್ಟುವ ಶಕ್ತಿ ಅದು. ಆದ್ದರಿಂದ ಅನ್ನವನ್ನಷ್ಟೇ ಅಲ್ಲದೆ ಗದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಈ ವಿಮರ್ಶೆ ಬರೆದಿದ್ದೇನೆ.

ಮೊದಲು ಅನ್ನದ ವಿಚಾರ. ಕಾಳು ಗಿಡ್ಡ, ದುಂಡು. ಬೆಂದಾಗ ಒಳ್ಳೆಯ ಹೊಳಪಿದೆ, ಮೆದುವಾಗಿದೆ, ತುಸು ಸಿಹಿ ಇದೆ. ಮೂರು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಒಂದು ಲೋಟ ಅಕ್ಕಿಗೆ ಒಂದೂಕಾಲು ಲೋಟವನ್ನೂ ಮೀರದಂತೆ ನೀರಿಟ್ಟರೆ ಹದವಾಗಿ ಬೇಯುತ್ತದೆ. ಊರಿನ ಅಭ್ಯಾಸದಂತೆ ಒಂದಕ್ಕೆ ಎರಡು, ಎರಡೂವರೆ ನೀರಿಟ್ಟು ಕುಕ್ಕರ್ ಕೂಗಿಸಿದರೆ ಅದು ಅನ್ನವಾಗಿ ಉಳಿಯುವುದಿಲ್ಲ. ಈ ವರ್ಗದ ಅಕ್ಕಿಯ ಪಿಷ್ಟದಲ್ಲಿ, ಅನ್ನವನ್ನು ಉದುರಾಗಿಸುವ ಅಮೈಲೋಸ್ ಎಂಬ ಅಂಶದ ಪ್ರಮಾಣ ನೂರಕ್ಕೆ ಸುಮಾರು 17ರಷ್ಟು ಮಾತ್ರ ಇರುತ್ತದೆ. ನಮ್ಮ ಸೋನಾ ಮಸೂರಿಯಲ್ಲಿ ಇದು ಸಾಕಷ್ಟು ಹೆಚ್ಚು. ಅಲ್ಲಿ ಅನ್ನ ಉದುರಾಗುವುದಕ್ಕೂ ಇಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದಕ್ಕೂ ಇದೇ ಕಾರಣ. ಮೊಸರನ್ನಕ್ಕೆ ಇದಕ್ಕಿಂತ ಒಳ್ಳೆಯ ಅಕ್ಕಿಯನ್ನು ನಾನು ಇಲ್ಲಿ ಕಂಡಿಲ್ಲ. ಬೆಳಿಗ್ಗೆ ಕಲಸಿ ಡಬ್ಬಿಗೆ ಹಾಕಿದ್ದು ಮಧ್ಯಾಹ್ನವೂ ಬಿರುಸಾಗದೆ ಮೆದುವಾಗಿಯೇ ಇರುತ್ತದೆ. ಹುಗ್ಗಿ, ಪಾಯಸ, ಬಿಸಿಬೇಳೆಬಾತಿಗೂ ಚೆನ್ನಾಗಿ ಒಗ್ಗುತ್ತದೆ. ಚಿತ್ರಾನ್ನ, ಪುಳಿಯೋಗರೆ, ಪಲಾವುಗಳಿಗೆ ಆಗುವುದಿಲ್ಲ. ಅನ್ನವನ್ನು ಎಷ್ಟು ಆರಿಸಿ ಹರಡಿದರೂ ಒಗ್ಗರಣೆ ಬೆರೆಸುವಾಗ ಗಂಟು ಕಟ್ಟುತ್ತದೆ. ಸಾರಿನ ಜೊತೆಗೂ ಅಷ್ಟೇ, ಸಾರು ಅನ್ನದೊಳಕ್ಕೆ ಇಳಿಯದೆ ಸುತ್ತ ನಿಲ್ಲುತ್ತದೆ, ಬೆರಳಿನಿಂದ ಬಿಡಿಸಿ ಕಲಸಬೇಕು.

ಸಾರನ್ನವನ್ನೇ ಮುಖ್ಯವೆಂದು ನೋಡುವುದಾದರೆ ಇದೇ ಮಿಯಾಗಿಯ ಇನ್ನೊಂದು ತಳಿ ಸಾಸಾನಿಶಿಕಿ ನಮಗೆ ಹೆಚ್ಚು ಹತ್ತಿರದ್ದು. ಅದರ ಅನ್ನ ಹಗುರ, ಜಿಗುಟು ಕಡಿಮೆ, ಕಾಳು ಕಾಳಾಗಿ ಬಿಡಿಸಿಕೊಳ್ಳುತ್ತದೆ. ಸುಶಿ ಮಾಡುವವರಲ್ಲಿ ಅನೇಕರು ಇಂದಿಗೂ ಅದನ್ನೇ ಹುಡುಕಿ ಕೊಳ್ಳುತ್ತಾರೆ. ಎರಡನ್ನೂ ಒಂದೇ ದಿನ ಬೇಯಿಸಿ, ತಿಳಿಸಾರು ಹಾಕಿ ಉಂಡು ನೋಡಿದ್ದೇನೆ. ನಾಲಿಗೆಯೊಂದೇ ತೀರ್ಪು ಕೊಡುವುದಾದರೆ ನನ್ನ ಮತ ಸಾಸಾನಿಶಿಕಿಗೆ. 1963ರಲ್ಲಿ ಮಿಯಾಗಿಯ ಫುರುಕಾವಾ ಕೃಷಿ ಸಂಶೋಧನಾ ಕೇಂದ್ರದಿಂದ ಹೊರಬಂದ ಆ ತಳಿ 1990ರ ಹೊತ್ತಿಗೆ ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಗದ್ದೆಗಳಲ್ಲಿತ್ತು. ಈಗ ಅದನ್ನು ಅಂಗಡಿಯಲ್ಲಿ ಹುಡುಕಬೇಕು. ಇಷ್ಟು ರುಚಿಯ ಅಕ್ಕಿ ಹೀಗೆ ಮರೆಗೆ ಸರಿದದ್ದೇಕೆ ಎಂಬುದು ತಿಳಿದರೆ ಹಿತೊಮೆಬೊರೆಯ ಬೆಲೆಯೂ ತಿಳಿಯುತ್ತದೆ.

ತೊಹೊಕುವಿನ ಪೂರ್ವಕ್ಕೆ ಪೆಸಿಫಿಕ್ ಸಾಗರವಿದೆ. ಕೆಲವು ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಒಖೋತ್ಸ್ಕ್ ಸಮುದ್ರದ ಮೇಲೆ ಅಧಿಕ ಒತ್ತಡದ ವಾಯುರಾಶಿ ನೆಲೆ ನಿಂತು, ಅಲ್ಲಿಂದ ತಣ್ಣನೆಯ, ತೇವದ ಈಶಾನ್ಯ ಗಾಳಿ ಬೀಸತೊಡಗುತ್ತದೆ. ಇಲ್ಲಿನವರು ಇದನ್ನು ಯಮಾಸೆ ಎನ್ನುತ್ತಾರೆ. ಮೋಡ ಕವಿದು ಬಿಸಿಲು ಮರೆಯಾಗುತ್ತದೆ, ಬೇಸಿಗೆಯ ನಡುವೆಯೇ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿದು ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ. 1993 ಅಂಥ ವರ್ಷ. 1991ರ ಜೂನ್‌ನಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ವಾತಾವರಣದ ಮೇಲ್ಪದರಕ್ಕೆ ಚಿಮ್ಮಿಸಿದ ಗಂಧಕದ ಕಣಗಳೂ ಅದಕ್ಕೆ ಕಾರಣವಿರಬಹುದೆಂಬ ಅಭಿಪ್ರಾಯವಿದೆ. ಸಾಮಾನ್ಯ ವರ್ಷದ ಬೆಳೆಯನ್ನು 100 ಎಂದು ಹಿಡಿದರೆ ಆ ವರ್ಷ ಇಡೀ ಜಪಾನಿನ ಭತ್ತದ ಬೆಳೆ 74ಕ್ಕೆ ಇಳಿಯಿತು. ಮಿಯಾಗಿಯಲ್ಲಿ 37, ಇವಾತೆಯಲ್ಲಿ 30, ಅಒಮೊರಿಯಲ್ಲಿ 28. ಇದೇ ತೊಹೊಕುವಿನಲ್ಲಿ ಒಉ ಪರ್ವತಸಾಲಿನ ಆಚೆಗಿರುವ, ಯಮಾಸೆ ನೇರವಾಗಿ ತಟ್ಟದ ಅಕಿತಾದಲ್ಲಿ ಅದು 83, ಯಮಾಗಾತಾದಲ್ಲಿ 79 ಇತ್ತು. ಬೆಟ್ಟದ ಸಾಲೊಂದು ಅಡ್ಡ ಇದ್ದುದರಿಂದ ಆದ ವ್ಯತ್ಯಾಸ ಇದು.

ಆ ಶರತ್ಕಾಲದಲ್ಲಿ ಕರಾವಳಿಯ ಗದ್ದೆಗಳಲ್ಲಿ ತೆನೆಗಳು ಬಾಗಲೇ ಇಲ್ಲ. ಕೊಯ್ಲಿನ ಹೊತ್ತಿಗೂ ಹಸಿರು ಬಿಡದೆ ನೆಟ್ಟಗೆ ನಿಂತಿದ್ದವು. ಕೈಯಲ್ಲಿ ಹಿಡಿದರೆ ತೂಕವಿಲ್ಲ, ಹಿಸುಕಿದರೆ ಹೊಟ್ಟು ಮಾತ್ರ. ಸುಮಾರು ಒಂದು ಕೋಟಿ ಟನ್ ಅಕ್ಕಿ ಬೇಕಿದ್ದ ದೇಶಕ್ಕೆ 78 ಲಕ್ಷ ಟನ್ ಮಾತ್ರ ದೊರೆಯಿತು. ಹೊರಗಿನ ಅಕ್ಕಿಯನ್ನು ಒಳಗೆ ಬಿಡುವುದಿಲ್ಲವೆಂದು ಪಟ್ಟು ಹಿಡಿದಿದ್ದ ಸರಕಾರ ಥಾಯ್ಲೆಂಡ್, ಚೀನಾ, ಅಮೆರಿಕ, ಆಸ್ಟ್ರೇಲಿಯಾಗಳಿಂದ 25 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ತರಿಸಬೇಕಾಯಿತು. ಥಾಯ್ಲೆಂಡಿನ ಉದ್ದ ಕಾಳಿನ ಅಕ್ಕಿಯನ್ನು ಇಲ್ಲಿನ ಗಿಡ್ಡ ಅಕ್ಕಿಗೆ ಬೆರೆಸಿ ಮಾರಿದರು. ನೀರಿನ ಅಳತೆಯೇ ಬೇರೆ ಬೇರೆಯಾದ ಎರಡು ಅಕ್ಕಿಗಳನ್ನು ಒಟ್ಟಿಗೆ ಬೇಯಿಸಿದರೆ ಎರಡೂ ಕೆಡುತ್ತವೆ. ಬೇರೆಯಾಗಿ ಬೇಯಿಸಿದ್ದರೆ ಅದು ಒಳ್ಳೆಯ ಅನ್ನವೇ ಆಗುತ್ತಿತ್ತು. ಇವಾತೆಯಲ್ಲಂತೂ ಮರುವರ್ಷದ ಬಿತ್ತನೆಗೂ ಬೀಜ ಸಾಲದೆ, ಹೊಸ ತಳಿಯೊಂದರ ಬೀಜವನ್ನು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಒಕಿನಾವಾದ ಇಶಿಗಾಕಿ ದ್ವೀಪದ ಬೆಚ್ಚನೆಯ ಗದ್ದೆಗಳಲ್ಲಿ ಬೆಳೆಸಿ ತರಿಸಿಕೊಂಡರು.

ಭತ್ತಕ್ಕೆ ಚಳಿಯಿಂದ ಆಗುವ ತೊಂದರೆ ಎಂದರೆ ಗಿಡ ಸೊರಗುವುದು, ಎಲೆ ಹಳದಿಯಾಗುವುದು ಎಂದೇ ಹಲವರು ತಿಳಿದಿರುತ್ತಾರೆ. ಅದೂ ಉಂಟು, ಆದರೆ ಜೊಳ್ಳಿನ ಕಥೆ ಬೇರೆ. ಗಿಡ ಹಸಿರಾಗಿರುತ್ತದೆ, ತೆಂಡೆ ಒಡೆದಿರುತ್ತದೆ, ತೆನೆಯೂ ಬರುತ್ತದೆ; ಹಾಳಾಗಿರುವುದು ಕಣ್ಣಿಗೆ ಕಾಣದ ಪರಾಗ. ತೆನೆ ಹೊರಬರುವುದಕ್ಕೆ ಸುಮಾರು 10ರಿಂದ 12 ದಿನ ಮೊದಲು, ಅದು ಇನ್ನೂ ಎಲೆಯ ಕವಚದೊಳಗೆ ಅಡಗಿರುವಾಗ, ಪ್ರತಿ ಹೂವಿನ ಆರು ಪರಾಗಕೋಶಗಳೊಳಗೆ ತಾಯಿಕೋಶಗಳು ಒಡೆದು ನಾಲ್ಕು ನಾಲ್ಕಾಗಿ ಎಳೆಯ ಪರಾಗಕಣಗಳು ಹುಟ್ಟುತ್ತವೆ. ಜಪಾನಿನ ಉತ್ತರ ತುದಿಯ ದ್ವೀಪ ಹೊಕ್ಕೈದೊದಲ್ಲಿ ಸತಾಕೆ ತೆತ್ಸುಓ ಮತ್ತು ಅವರ ಜೊತೆಗಾರರು 1970ರ ಸುಮಾರಿಗೆ ನಡೆಸಿದ ಪ್ರಯೋಗಗಳು, ಭತ್ತದ ಇಡೀ ಆಯುಷ್ಯದಲ್ಲಿ ಚಳಿಗೆ ಅತಿ ಬೇಗ ಸೋಲುವ ಗಳಿಗೆ ಇದೇ ಎಂದು ತೋರಿಸಿಕೊಟ್ಟವು. ಪರಾಗಕೋಶದ ಒಳಗೋಡೆಯಲ್ಲಿ ಈ ಎಳೆಯ ಕಣಗಳಿಗೆ ಆಹಾರ ಊಡುವ ಜೀವಕೋಶಗಳ ಒಂದು ಪದರವಿರುತ್ತದೆ. ತಂಪು ಹೆಚ್ಚು ಹೊತ್ತು ನಿಂತರೆ ಆ ಪದರ ಅಸಹಜವಾಗಿ ಊದಿಕೊಂಡು ಕೆಲಸ ನಿಲ್ಲಿಸುತ್ತದೆ. ಎಲೆಯಿಂದ ಸಕ್ಕರೆ ಬರುತ್ತಲೇ ಇದ್ದರೂ ಅದನ್ನು ಒಡೆದು ಕಣಗಳಿಗೆ ಒದಗಿಸುವ ಕಿಣ್ವದ ಕೆಲಸ ಕುಂದಿ, ಸಕ್ಕರೆ ಪರಾಗಕೋಶದಲ್ಲೇ ಉಳಿದುಬಿಡುತ್ತದೆ. ಪರಾಗದಲ್ಲಿ ಪಿಷ್ಟ ತುಂಬುವುದಿಲ್ಲ. ಇಂಥ ಹೂವನ್ನು ಬಿಡಿಸಿ ನೋಡಿದರೆ ಪರಾಗಕೋಶ ದುಂಡಗೆ ಹಳದಿಯಾಗಿರುವ ಬದಲು ಸಣ್ಣಗೆ, ಬಿಳಿಚಿಕೊಂಡು, ಮುರುಟಿರುತ್ತದೆ. ಅಯೋಡಿನ್ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಆರೋಗ್ಯವಂತ ಪರಾಗ ಕಪ್ಪಿಗೆ ತಿರುಗುತ್ತದೆ, ಚಳಿ ತಿಂದ ಪರಾಗ ಬಣ್ಣ ಹಿಡಿಯದೆ ಹಾಗೇ ಉಳಿಯುತ್ತದೆ.

ಹೆಣ್ಣುಭಾಗಕ್ಕೆ ಮಾತ್ರ ಇಷ್ಟು ಪೆಟ್ಟು ಬಿದ್ದಿರುವುದಿಲ್ಲ ಎಂಬುದು ಇಲ್ಲಿ ಬಹಳ ಮುಖ್ಯ. ಚಳಿಗೆ ಸಿಕ್ಕ ಹೂವಿಗೆ ಬೇರೆ ಗಿಡದ ಒಳ್ಳೆಯ ಪರಾಗವನ್ನು ತಂದು ಮುಟ್ಟಿಸಿದರೆ ಕಾಳು ಕಟ್ಟುತ್ತದೆ. ಅಂದರೆ ಎಷ್ಟು ಪರಾಗ ಕೆಟ್ಟಿತು ಎಂಬುದಕ್ಕಿಂತ, ಕೆಟ್ಟ ಮೇಲೂ ಕೆಲಸಕ್ಕೆ ಬರುವಷ್ಟು ಪರಾಗ ಉಳಿಯಿತೇ ಎಂಬುದು ಬೆಳೆಯನ್ನು ನಿರ್ಧರಿಸುತ್ತದೆ. ಚಳಿ ತಾಳುವ ತಳಿಗಳಲ್ಲಿ ಪರಾಗಕೋಶ ಉದ್ದವಾಗಿದ್ದು ಅದರಲ್ಲಿ ಪರಾಗವೂ ಹೆಚ್ಚಿರುವುದು ಸಾಮಾನ್ಯ. ಒಂದಿಷ್ಟು ಹೋದರೂ ಸಾಲುವಷ್ಟು ಮಿಗುತ್ತದೆ. ಚಳಿಗೆ ಇನ್ನೊಂದು ಅಪಾಯದ ಹೊತ್ತೆಂದರೆ ಹೂ ಅರಳುವ ದಿನಗಳು. ಆಗ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ. 1993ರಲ್ಲಿ ಜುಲೈ ತಿಂಗಳಷ್ಟೇ ಅಲ್ಲದೆ ಆಗಸ್ಟ್ ತಿಂಗಳೂ ತಣ್ಣಗಿದ್ದುದರಿಂದ ಎರಡೂ ಹಂತಗಳಲ್ಲಿ ಪೆಟ್ಟು ಬಿತ್ತು.

ಇದನ್ನು ಗದ್ದೆಯ ಬದಿಯಲ್ಲಿ ನಿಂತು ನನಗೆ ತೋರಿಸಿದವರು ಮಿಯಾಗಿಯ ಒಸಾಕಿ ಕಡೆಯ ಒಬ್ಬ ಹಿರಿಯ ರೈತರು. ತಾವು ಬೆಳೆದ ಅಕ್ಕಿಯನ್ನು ರೈತರ ನೇರ ಮಾರಾಟ ಮಳಿಗೆಗೆ ತಂದು ಮಾರುವವರು. ಗಿಡದ ಕೊನೆಯ ಎಲೆ ಮತ್ತು ಅದರ ಕೆಳಗಿನ ಎಲೆ ಎರಡನ್ನೂ ಹಿಡಿದು, ಎಲೆಯ ಅಲಗು ಕವಚಕ್ಕೆ ಕೂಡುವ ಗಂಟಿನ ಜಾಗವನ್ನು ಬೆರಳಿಟ್ಟು ತೋರಿಸಿದರು. ಕೊನೆಯ ಎಲೆಯ ಗಂಟು ಕೆಳಗಿನ ಎಲೆಯ ಗಂಟಿನ ಮಟ್ಟಕ್ಕೆ ಏರುತ್ತಾ ಬಂದು ಎರಡೂ ಸಮಕ್ಕೆ ನಿಲ್ಲುವ ಹೊತ್ತೇ ಒಳಗೆ ಪರಾಗ ರೂಪುಗೊಳ್ಳುತ್ತಿರುವ ಅಪಾಯದ ಹೊತ್ತು. ಯಾವ ಉಪಕರಣವೂ ಬೇಡ, ಎರಡು ಗಂಟುಗಳ ನಡುವಿನ ಅಂತರ ನೋಡಿದರೆ ಸಾಕು. ಮೇ ತಿಂಗಳಲ್ಲಿ ನಾಟಿಯಾದ ಪೈರಿಗೆ ಈ ಹೊತ್ತು ಜುಲೈ ಮಧ್ಯದಿಂದ ಕೊನೆಯೊಳಗೆ ಬರುತ್ತದೆ. ಹವಾಮಾನ ವರದಿ ತಂಪನ್ನು ಸೂಚಿಸಿದರೆ ತೂಬು ಮುಚ್ಚಿ ಗದ್ದೆಯಲ್ಲಿ 20 ಸೆಂಟಿಮೀಟರಿನಷ್ಟು ನೀರು ನಿಲ್ಲಿಸುತ್ತಾರೆ. ಆ ಹಂತದಲ್ಲಿ ಎಳೆಯ ತೆನೆ ಇನ್ನೂ ಕಾಂಡದ ಕೆಳಭಾಗದಲ್ಲೇ ಇರುವುದರಿಂದ ನೀರೊಳಗೆ ಮುಳುಗುತ್ತದೆ, ರಾತ್ರಿ ಗಾಳಿ ಎಷ್ಟು ತಣ್ಣಗಾದರೂ ನೀರು ಅಷ್ಟು ಬೇಗ ಆರುವುದಿಲ್ಲ. ಅದಕ್ಕೂ ಮೊದಲಿನ ಒಂದೆರಡು ವಾರ 10 ಸೆಂಟಿಮೀಟರಿನಷ್ಟು ನೀರಿಟ್ಟು ಬೆಚ್ಚಗಿಟ್ಟಿದ್ದರೆ ಪರಾಗದ ಸಂಖ್ಯೆಯೇ ಹೆಚ್ಚಿ ಗಿಡ ಮುಂದಿನ ಚಳಿಯನ್ನು ಇನ್ನಷ್ಟು ಚೆನ್ನಾಗಿ ತಾಳುತ್ತದೆ. ಇದಕ್ಕೆ ಬದು ಎತ್ತರವಾಗಿ, ಭದ್ರವಾಗಿ ಇರಬೇಕು. ಸಾರಜನಕ ಗೊಬ್ಬರ ಅತಿಯಾದ ಗದ್ದೆಯಲ್ಲಿ ಇದೇ ಚಳಿಗೆ ಜೊಳ್ಳು ಹೆಚ್ಚುತ್ತದೆ ಎಂದೂ ಆ ರೈತರು ಒತ್ತಿ ಹೇಳಿದರು. ಪ್ರಯೋಗಗಳ ಫಲಿತಾಂಶವೂ ಅದೇ.

ನೀರಿನ ಉಪಾಯಕ್ಕೂ ಮಿತಿಯಿದೆ. ತಳಿಯೊಳಗೇ ಶಕ್ತಿ ಇರಬೇಕು. ಹಿತೊಮೆಬೊರೆ ಹುಟ್ಟಿದ್ದು ಸಾಸಾನಿಶಿಕಿ ಹುಟ್ಟಿದ ಅದೇ ಫುರುಕಾವಾ ಕೇಂದ್ರದಲ್ಲಿ. ತಾಯಿ ಕೊಶಿಹಿಕಾರಿ, ತಂದೆ ಹತ್ಸುಬೊಶಿ. ಕೊಶಿಹಿಕಾರಿಯನ್ನು ಯಾರೂ ಚಳಿ ಪ್ರದೇಶಕ್ಕೆಂದು ರೂಪಿಸಿರಲಿಲ್ಲ. ರುಚಿಗೆ ಹೆಸರಾದ ಆ ತಳಿಯಲ್ಲಿ ಪರಾಗದ ಹಂತದ ಚಳಿಯನ್ನು ತಾಳುವ ಗುಣವೂ ಬಲವಾಗಿದೆ ಎಂಬುದು ಪರೀಕ್ಷೆಗೆ ಒಡ್ಡಿದ ಮೇಲೆ ತಿಳಿದದ್ದು. ಫುರುಕಾವಾದಲ್ಲಿ ಪರೀಕ್ಷೆಯ ಕ್ರಮವನ್ನೂ ಬಿಗಿಗೊಳಿಸಿದ್ದರು. ಸುಮಾರು 19 ಡಿಗ್ರಿಯ ತಣ್ಣೀರನ್ನು 25 ಸೆಂಟಿಮೀಟರ್ ಆಳದಲ್ಲಿ ನಿಲ್ಲಿಸಿ, ಒಂದೇ ಉಷ್ಣತೆಯಲ್ಲಿ ಸುತ್ತು ಹೊಡೆಸುತ್ತಾ, ಪೈರನ್ನು ವಾರಗಟ್ಟಲೆ ಅದರಲ್ಲೇ ಇರಿಸಿ, ಕೊನೆಗೆ ತೆನೆ ತೆನೆಯ ಜೊಳ್ಳನ್ನು ಎಣಿಸುವ ಕ್ರಮ ಅದು. ಗದ್ದೆಯಲ್ಲಿ ಚಳಿಯ ವರ್ಷ ಬರಲೆಂದು ಕಾಯದೆ ಪ್ರತಿವರ್ಷವೂ ನೂರಾರು ಸಾಲುಗಳನ್ನು ಸೋಸಲು ಇದರಿಂದ ಸಾಧ್ಯವಾಯಿತು. ಹೀಗೆ ಸೋಸಿ ಉಳಿದ ಸಾಲುಗಳಲ್ಲಿ ಒಂದು 1991ರಲ್ಲಿ ಹಿತೊಮೆಬೊರೆಯಾಗಿ ಮಾರುಕಟ್ಟೆಗೆ ಬಂತು. ಎರಡೇ ವರ್ಷದಲ್ಲಿ 1993 ಎದುರಾಯಿತು. ಸಾಸಾನಿಶಿಕಿ ಗದ್ದೆಗಳು ಜೊಳ್ಳಾಗಿ ನಿಂತ ಊರುಗಳಲ್ಲೇ ಹಿತೊಮೆಬೊರೆ ಅದಕ್ಕಿಂತ ಎಷ್ಟೋ ಚೆನ್ನಾಗಿ ಕಾಳು ಕಟ್ಟಿತು. ಮುಂದಿನ ನಾಟಿಗಳಲ್ಲಿ ರೈತರು ಮಾಡಿದ ಆಯ್ಕೆಗೆ ಬೇರೆ ಪ್ರಚಾರ ಬೇಕಾಗಲಿಲ್ಲ.

ನಾನು ಈ ಅಕ್ಕಿಯನ್ನು ಇಷ್ಟು ಗೌರವದಿಂದ ಕಾಣುವುದಕ್ಕೆ ಮುಖ್ಯ ಕಾರಣ, ತಳಿ ತಜ್ಞರು ರುಚಿಯನ್ನು ಬಿಟ್ಟುಕೊಟ್ಟು ಚಳಿಯ ತಾಳಿಕೆಯನ್ನು ಕೊಳ್ಳಲಿಲ್ಲ ಎಂಬುದು. ಚಳಿ ತಾಳುವ ಹಳೆಯ ತಳಿಗಳು ಎಷ್ಟೋ ಇದ್ದವು. ಕೊಂಡು ತಿನ್ನುವವರಿಗೆ ಅವು ಹಿಡಿಸುತ್ತಿರಲಿಲ್ಲ, ಹಾಗಾಗಿ ರೈತನೂ ಬೆಳೆಯುತ್ತಿರಲಿಲ್ಲ. ರುಚಿ ಇಲ್ಲದ ತಾಳಿಕೆ ಉಗ್ರಾಣದಲ್ಲಿ ಉಳಿಯುವ ಬೀಜ. ಈ ಕೆಲಸ ಎಷ್ಟು ದೂರದ ಸಂಬಂಧಗಳನ್ನು ತರಬಲ್ಲದು ಎನ್ನುವುದಕ್ಕೆ ಹೊಕ್ಕೈದೊದ ಇನ್ನೊಂದು ಉದಾಹರಣೆ ಇದೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಎತ್ತರದ ಪ್ರದೇಶದ ಸಿಲೆವಾ ಎಂಬ ನಾಟಿ ತಳಿಯಿಂದ ಪರಾಗದ ಹಂತದ ಚಳಿಯನ್ನು ತಾಳುವ ವಂಶವಾಹಿಗಳನ್ನು ಅಲ್ಲಿನ ವಿಜ್ಞಾನಿಗಳು ಜಪಾನಿನ ಭತ್ತಕ್ಕೆ ತಂದಿದ್ದಾರೆ. ಭೂಮಧ್ಯರೇಖೆಯ ಬಳಿಯ ಬೆಟ್ಟದ ಭತ್ತವೊಂದು ಉತ್ತರದ ಹಿಮದೂರಿಗೆ ಆಸರೆಯಾಗಿದೆ. ಹಳೆಯ ನಾಟಿ ತಳಿಗಳ ಬೀಜವನ್ನು ಕಾಪಿಡುವ ನಮ್ಮ ಮಲೆನಾಡಿನ ರೈತರ ಕೆಲಸದ ಬೆಲೆ ನನಗೆ ಇನ್ನಷ್ಟು ಅರ್ಥವಾದದ್ದು ಇದನ್ನು ತಿಳಿದ ಮೇಲೆ.

ಕೊರತೆಗಳನ್ನೂ ಹೇಳಬೇಕು. 2003ರಲ್ಲಿ ಮತ್ತೆ ಚಳಿಯ ಬೇಸಿಗೆ ಬಂದಾಗ ದೇಶದ ಬೆಳೆ 90ಕ್ಕೆ, ಮಿಯಾಗಿಯದು 69ಕ್ಕೆ ಇಳಿಯಿತು. ಹಿತೊಮೆಬೊರೆಯೇ ಗದ್ದೆ ತುಂಬ ಇದ್ದ ಕಾಲ ಅದು. ತಾಳಿಕೆ ಎಂದರೆ ಪೆಟ್ಟೇ ಬೀಳುವುದಿಲ್ಲ ಎಂದಲ್ಲ. ಬೆಂಕಿರೋಗದ ಎದುರು ಈ ತಳಿ ಸ್ವಲ್ಪ ದುರ್ಬಲ, ಗಾಳಿಮಳೆಗೆ ಮಲಗುವ ಸ್ವಭಾವವೂ ಇದೆ. ಈಚಿನ ವರ್ಷಗಳಲ್ಲಿ ಕಷ್ಟ ಇನ್ನೊಂದು ದಿಕ್ಕಿನಿಂದ ಬರುತ್ತಿದೆ. 2023ರ ಬೇಸಿಗೆ ಜಪಾನಿನಲ್ಲಿ ದಾಖಲೆಯ ಸೆಕೆಯದಾಗಿತ್ತು, ಕಾಳಿನೊಳಗೆ ಸುಣ್ಣದಂಥ ಬಿಳಿ ಮಚ್ಚೆಗಳಾಗಿ ಅನೇಕ ಕಡೆ ಅಕ್ಕಿಯ ದರ್ಜೆ ಇಳಿಯಿತು. ಚಳಿಗೆಂದು ಆಯ್ದ ತಳಿ ಬಿಸಿಗೂ ಅಷ್ಟೇ ಗಟ್ಟಿ ಎಂದು ಎಣಿಸುವಂತಿಲ್ಲ. ಸೆಕೆಯ ವರ್ಷಗಳು ಹೆಚ್ಚಿದರೂ ಯಮಾಸೆ ಬೀಸುವುದು ನಿಂತಿಲ್ಲವಾದ್ದರಿಂದ ಇನ್ನು ಬರುವ ತಳಿಗಳು ಎರಡನ್ನೂ ತಾಳಬೇಕಾಗಿದೆ. ಚೀಲದ ಬಗ್ಗೆ ನನ್ನದೊಂದು ಆಕ್ಷೇಪಣೆಯಿದೆ. ಬೆಳೆದ ಪ್ರಾಂತ್ಯ, ತಳಿ, ಬೆಳೆಯ ವರ್ಷ, ಪಾಲಿಶ್ ಮಾಡಿದ ದಿನಗಳನ್ನು ಅಚ್ಚುಕಟ್ಟಾಗಿ ಮುದ್ರಿಸುವ ಮಾರಾಟಗಾರರು ಹೊಳಪು, ಸಿಹಿ, ಜಿಗುಟನ್ನಷ್ಟೇ ಹೊಗಳುತ್ತಾರೆ. ಈ ಅಕ್ಕಿ ಇಲ್ಲಿ ಏಕೆ ಬೆಳೆಯುತ್ತಿದೆ ಎಂಬ ಒಂದು ಸಾಲೂ ನಾನು ಕೊಂಡ ಚೀಲಗಳಲ್ಲಿ ಇರಲಿಲ್ಲ.

ಕರ್ನಾಟಕದ ಓದುಗರಿಗೆ ಇದು ದೂರದ ಮಾತಾಗಿ ಕಾಣಬೇಕಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆ ನೀರು ತಡವಾಗಿ ಬಂದು ಸೋನಾ ಮಸೂರಿಯಂಥ ದೀರ್ಘಾವಧಿ ತಳಿಯ ನಾಟಿ ಹಿಂದೆ ಬಿದ್ದರೆ, ಹೊಡೆ ಬರುವ ಹೊತ್ತಿಗೆ ನವೆಂಬರ್, ಡಿಸೆಂಬರ್‌ಗಳ ರಾತ್ರಿಯ ಚಳಿ ಎದುರಾಗುತ್ತದೆ. ತೆನೆ ಪೂರ್ತಿ ಹೊರಬರದೆ ಬುಡದ ಕಾಳುಗಳು ಕವಚದಲ್ಲೇ ಸಿಕ್ಕಿ ಜೊಳ್ಳಾಗುತ್ತವೆ. ಕೊಡಗು, ಮಲೆನಾಡಿನ ತಗ್ಗು ಗದ್ದೆಗಳಲ್ಲಿ ತಡವಾದ ನಾಟಿಯ ಭಯವೂ ಇದೇ. ಬೇಸಿಗೆ ಬೆಳೆಗೆ ಡಿಸೆಂಬರ್‌ನಲ್ಲಿ ಸಸಿಮಡಿ ಹಾಕುವವರು ಸಸಿ ಹಳದಿಯಾಗಿ ಮೇಲೇಳದೆ ನಿಲ್ಲುವುದನ್ನು ನೋಡಿರುತ್ತಾರೆ. ನಮ್ಮಲ್ಲಿ ಹಗಲಿನ ಬಿಸಿಲು ಕಾಯುತ್ತದೆ, ಆದ್ದರಿಂದ ನಷ್ಟ ಜಪಾನಿನ ಪ್ರಮಾಣಕ್ಕೆ ಹೋಗುವುದಿಲ್ಲ. ಆದರೆ ಜೊಳ್ಳು ಕಂಡೊಡನೆ ರೋಗ, ಕೀಟ, ಬೀಜದ ಮೋಸ ಎಂದು ಔಷಧಿ ಅಂಗಡಿಗೆ ಓಡುವ ಮೊದಲು, ತೆನೆ ಬರುವುದಕ್ಕೆ ಹತ್ತು ಹನ್ನೆರಡು ದಿನ ಹಿಂದಿನ ರಾತ್ರಿಗಳು ಹೇಗಿದ್ದವು ಎಂದು ನೋಡುವುದು ಒಳ್ಳೆಯದು. ಹೊಡೆಯ ಹೊತ್ತಿಗೆ ಚಳಿ ಬಿದ್ದರೆ ಗದ್ದೆಯ ನೀರನ್ನು ಬಸಿಯದೆ ಆಳವಾಗಿ ನಿಲ್ಲಿಸುವ ಕ್ರಮಕ್ಕೆ ಜಪಾನಿನ ಬೀಜ ಬೇಕಿಲ್ಲ. ಹಿತೊಮೆಬೊರೆ ಬೀಜವನ್ನೇ ಊರಿಗೆ ಒಯ್ಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ನಮ್ಮ ಹಗಲಿನ ಉದ್ದ, ಶಾಖ, ಬೆಂಕಿರೋಗದ ಒತ್ತಡ ಎಲ್ಲವೂ ಬೇರೆ, ಅದರ ಅನ್ನಕ್ಕೆ ನಮ್ಮ ಮಾರುಕಟ್ಟೆಯೂ ಇಲ್ಲ.

ಕೊಳ್ಳುವವರಿಗೆ: 5 ಕಿಲೋ ಚೀಲದ ಬೆಲೆ 2025ರಲ್ಲಿ 4,000 ಯೆನ್ ದಾಟಿದ್ದನ್ನು ಕಂಡಿದ್ದೇವೆ, ಹಾಗಾಗಿ ಮೊದಲ ಸಲ 2 ಕಿಲೋ ಚೀಲವೇ ಸಾಕು. ಹೊಸ ಬೆಳೆಯ ಅಕ್ಕಿ ಸೆಪ್ಟೆಂಬರ್ ಕೊನೆಯಿಂದ ಬರುತ್ತದೆ. ಅದಕ್ಕೆ ನೀರು ಇನ್ನೂ ಒಂದು ಹಿಡಿ ಕಡಿಮೆ ಇರಲಿ. ಪಾಲಿಶ್ ಮಾಡಿದ ದಿನ ಹತ್ತಿರದ್ದಾಗಿರುವ ಚೀಲ ಆರಿಸಿ, ಸೆಕೆಗಾಲದಲ್ಲಿ ಫ್ರಿಜ್ಜಿನಲ್ಲಿಡಿ, ಇಲ್ಲವಾದರೆ ಬೇಗ ಹುಳು ಹಿಡಿಯುತ್ತದೆ. ಮೊಸರನ್ನ, ಹುಗ್ಗಿ, ಬಿಸಿಬೇಳೆಬಾತು ಹೆಚ್ಚಾಗಿ ಮಾಡುವ ಮನೆಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಸಾರನ್ನ, ಚಿತ್ರಾನ್ನವೇ ನಿತ್ಯದ ಊಟವಾದರೆ ಮೂರು ಅಂಕ; ಅಂಥವರು ಸಾಸಾನಿಶಿಕಿ ಸಿಕ್ಕಿದಾಗ ಕೊಂಡಿಟ್ಟುಕೊಳ್ಳಲಿ. ಗದ್ದೆಯ ಕೆಲಸಕ್ಕೆ ಅಂಕ ಕೊಡುವುದಾದರೆ ನಾನು ಐದಕ್ಕೆ ಐದನ್ನೂ ಕೊಡುತ್ತೇನೆ.